ಹನ್ನೊಂದು ಕೋಟೆ, ಒಂದು ಶೂ ಚೀಲ

ನಮ್ಮ ಮದುವೆಯ ಇಪ್ಪತ್ತೈದನೆಯ ವರ್ಷದ ಊಟಕ್ಕೆ ಇನ್ನು ಒಂಬತ್ತು ದಿನ ಇದೆ ಎನ್ನುವಾಗ, ಮಗಳು ಇಲ್ಲೇ ಸಿಂಗಾಪುರದ ಪಾಯಾ ಲೆಬಾರ್‌ನಲ್ಲಿರುವ ತನ್ನ ಆಫೀಸಿನಿಂದ ಫೋನ್ ಮಾಡಿ ಪಿಸುದನಿಯಲ್ಲಿ ನನಗೊಂದು ಕೆಲಸ ಒಪ್ಪಿಸಿದಳು.

"ಅಪ್ಪ, ಅಮ್ಮಂಗೆ ಹೇಳ್ಬೇಡ. ಫಂಕ್ಷನ್‌ಗೆ ಒಂದು ಸ್ಲೈಡ್‌ಶೋ ಮಾಡ್ತಿದ್ದೀನಿ. ಜಪಾನ್ ಟ್ರಿಪ್‌ಗಳಲ್ಲಿ ತೆಗ್ದಿರೋ ಅಮ್ಮನ ಒಳ್ಳೆ ಫೋಟೋಸ್ ಎಲ್ಲ ಕಳ್ಸು. ನೀನೇ ಫೋಟೋಗ್ರಾಫರ್ ಅಲ್ವಾ, ಈಸಿ ಲಾ."

ಈಸಿ ಎಂದೇ ನಾನೂ ಅಂದುಕೊಂಡೆ.

ನಾನು ಬೂನ್ ಲೇ ಹತ್ತಿರದ ಒಂದು ಕಾರ್ಖಾನೆಯಲ್ಲಿ ಪಂಪುಗಳ ಇಂಜಿನಿಯರ್. ರಜೆ ಸಿಕ್ಕರೆ ಜಪಾನಿಗೆ ಹೋಗಿ ಹಳೆಯ ಕೋಟೆಗಳ ಫೋಟೋ ತೆಗೆಯುವುದು ನನ್ನ ಹುಚ್ಚು. ಬೆಂಕಿ, ಯುದ್ಧ, ಭೂಕಂಪ ಎಲ್ಲವನ್ನೂ ದಾಟಿ ತಮ್ಮ ಮೂಲ ಗೋಪುರವನ್ನು ಉಳಿಸಿಕೊಂಡ ಕೋಟೆಗಳು ಅಲ್ಲಿ ಹನ್ನೆರಡೇ ಇವೆ. ಹನ್ನೊಂದನ್ನು ಮುಗಿಸಿದ್ದೇನೆ. "ನೀವು ಹುಟ್ಟಿದ್ದು ಮೈಸೂರಲ್ಲಿ. ಶ್ರೀರಂಗಪಟ್ಟಣದ ಕೋಟೇನ ಟ್ರೈನ್ ಕಿಟಕಿಯಿಂದ ಬಿಟ್ರೆ ನೋಡಿಲ್ಲ," ಎಂದು ನನ್ನ ಹೆಂಡತಿ ಪ್ರತಿ ಸಲ ಟಿಕೆಟ್ ಬುಕ್ ಮಾಡುವಾಗಲೂ ನೆನಪಿಸುತ್ತಾಳೆ. ಆಮೇಲೆ ಸುಮ್ಮನೆ ಚಟ್ನಿಪುಡಿ ಕಟ್ಟಿಕೊಂಡು ಹೊರಡುತ್ತಾಳೆ.

ನನ್ನದೊಂದು ನಿಯಮವಿದೆ. ಕೋಟೆಯ ಫೋಟೋದಲ್ಲಿ ಮನುಷ್ಯರು ಇರಕೂಡದು. ನಾಲ್ಕು ನೂರು ವರ್ಷ ನಿಂತ ಗೋಪುರದ ಮುಂದೆ ಐಸ್‌ಕ್ರೀಮ್ ನೆಕ್ಕುತ್ತ ನಿಲ್ಲುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಿಮೇಜಿಯಲ್ಲಿ ಹಳದಿ ಟೋಪಿಯ ಶಾಲಾಮಕ್ಕಳ ಸಾಲು ಮುಗಿಯಲೆಂದು ಒಂದು ಗಂಟೆ ಕಾದಿದ್ದೆ. ಕೊನೆಯ ಮಗು ದಾಟುವ ಹೊತ್ತಿಗೆ ಬೆಳಕೇ ಹೋಗಿತ್ತು. ಮಕ್ಕಳಿಗೆ ಹೇಳುವ ಹಾಗಿಲ್ಲ, ಹೆಂಡತಿಗೆ ಹೇಳಬಹುದು. "ಸ್ವಲ್ಪ ಆ ಕಡೆ ಹೋಗು" ಎನ್ನುತ್ತಿದ್ದೆ. ಅವಳು ಹೋಗುತ್ತಿದ್ದಳು.

ಆದರೆ ನಮ್ಮ ಜನಕ್ಕೆ ಫೋಟೋ ಎಂದರೆ ಅದರಲ್ಲಿ ಗುರುತಿನವರು ಇರಬೇಕು. ಜುರಾಂಗ್ ವೆಸ್ಟ್‌ನ ನಮ್ಮ ಮನೆಗೆ ಬಂದವರೆಲ್ಲ ಹಾಲಿನ ಗೋಡೆಯ ಮೇಲಿರುವ ಮಾತ್ಸುಮೊಟೊ ಕೋಟೆಯ ಮುಂದೆ ನಿಂತು, "ಚೆನ್ನಾಗಿದೆ. ಇದ್ರಲ್ಲಿ ನೀವೆಲ್ಲಿದೀರಾ?" ಎನ್ನುತ್ತಾರೆ. ಪಕ್ಕದ ಬ್ಲಾಕಿನ ಬ್ಯಾಂಕ್ ಅಂಕಲ್ ಅಂತೂ ಕ್ಯಾಲೆಂಡರ್ ಎಂದುಕೊಂಡು, ಕನ್ನಡಕ ಏರಿಸಿ, ಏಕಾದಶಿ ಯಾವತ್ತು ಎಂದು ಹುಡುಕಿದ್ದರು. ಇವರಿಗೆ ಕಲೆ ಎಲ್ಲಿಂದ ತಿಳಿಯಬೇಕು ಎಂದು ನಾನು ಒಳಗೇ ಬೈದುಕೊಂಡಿದ್ದೆ.

ಶೂ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಈ ಹಳೆಯ ಗೋಪುರಗಳೊಳಗೆ ಶೂ ಹಾಕಿಕೊಂಡು ಹೋಗುವಂತಿಲ್ಲ. ಬಿಚ್ಚಿ, ಬಾಗಿಲಲ್ಲಿ ಕೊಡುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಜೊತೆಗೇ ಹೊತ್ತುಕೊಂಡು ಹೋಗಬೇಕು. ಮೊದಲ ಕೋಟೆಯಲ್ಲಿ ನಮಗೆ ಅದು ಗೊತ್ತಿರಲಿಲ್ಲ. ಬಾಗಿಲಲ್ಲಿ ನಮಸ್ಕಾರ, ಒಳಗೆ ಕತ್ತಲು, ಮರದ ನೆಲ, ಮೇಲಿನ ತುದಿಯಲ್ಲಿ ಪುಟ್ಟ ಗುಡಿ ಬೇರೆ ಇದೆಯಂತೆ; ದೇವಸ್ಥಾನದ ಹಾಗೇ ಎಂದುಕೊಂಡೆವು. ಕೊಟ್ಟ ಚೀಲವನ್ನು ಹೆಂಡತಿ ಮಡಚಿ ಪರ್ಸಿನಲ್ಲಿಟ್ಟು, "ಚಪ್ಪಲಿ ಹಿಡ್ಕೊಂಡು ಯಾರಾದ್ರೂ ಒಳಗೆ ಹೋಗ್ತಾರಾ?" ಎಂದಳು. ಇಬ್ಬರೂ ಶೂಗಳನ್ನು ಹೊರಗೊಂದು ಮರದ ಬುಡದಲ್ಲಿ, ದೇವಸ್ಥಾನದ ಮುಂದೆ ಬಿಡುವ ಹಾಗೆ, ಒಂದು ಇಲ್ಲಿ ಒಂದು ಅಲ್ಲಿ, ಕಳ್ಳನಿಗೆ ಜೋಡಿ ಸಿಗದಂತೆ ಬಿಟ್ಟು ಒಳಗೆ ಹೋದೆವು. ಹೊರಗೆ ಬರುವ ದಾರಿ ಬೇರೆ ದಿಕ್ಕಿಗಿತ್ತು. ಚಳಿಯಲ್ಲಿ, ಜಲ್ಲಿಕಲ್ಲಿನ ಮೇಲೆ, ಕಾಲುಚೀಲದಲ್ಲಿ ಕುಂಟುತ್ತಿದ್ದಾಗ ಮುದುಕ ಕಾವಲುಗಾರನೊಬ್ಬ ನಾಲ್ಕೂ ಶೂಗಳನ್ನು ಎದೆಗೆ ಅವಚಿಕೊಂಡು ಓಡಿ ಬಂದ. ಬಾಗಿದ, ಕೊಟ್ಟ, ಮತ್ತೆ ಬಾಗಿದ. ಹೆಂಡತಿ ಸಂಕೋಚವಿಲ್ಲದೆ ಅವನ ಕೈಗೆ ತನ್ನ ಫೋನ್ ಕೊಟ್ಟು ನಮ್ಮಿಬ್ಬರ ಫೋಟೋ ತೆಗೆಸಿದಳು. ನೋಡಿದೆ, ಗೋಪುರ ಪೂರ್ತಿ ಕಟ್ ಆಗಿತ್ತು. "ಇದೇನು ಫೋಟೋ, ಡಿಲೀಟ್ ಮಾಡು," ಎಂದೆ.

ಅಂದಿನಿಂದ ಶೂ ಖಾತೆ ಅವಳದು. ಏಣಿಯಂಥ ಕಡಿದಾದ ಮೆಟ್ಟಿಲು, ನನ್ನ ಎರಡೂ ಕೈಯಲ್ಲಿ ಕ್ಯಾಮೆರಾ. ಚೀಲ ಅವಳ ಕೈಯಲ್ಲಿ.

ಮಗಳು ಫೋನ್ ಮಾಡಿದ ಸಂಜೆ ಹಾರ್ಡ್‌ಡಿಸ್ಕ್ ತೆರೆದು ಕೂತೆ. ಸಾವಿರಾರು ಫೋಟೋ. ಗೋಪುರ, ಕಂದಕ, ಹಂಸ, ಹೆಂಚಿನ ಮಾಡಿನ ತುದಿಯ ಮೀನಿನ ಬೊಂಬೆ. ಹೆಂಡತಿ ಇಲ್ಲ. ಒಂದರಲ್ಲಿ ಮೊಣಕೈ ಇತ್ತು. ಒಂದರಲ್ಲಿ ಕಲ್ಲಿನ ಗೋಡೆಯ ಮೇಲೆ ಅವಳ ನೆರಳು. ಮೂರರಲ್ಲಿ ಮೂಲೆಯಿಂದ ಇಣುಕುವ ಪ್ಲಾಸ್ಟಿಕ್ ಚೀಲ, ಅದರೊಳಗೆ ನನ್ನ ಹತ್ತನೇ ನಂಬರಿನ ಶೂ ಸ್ಪಷ್ಟವಾಗಿ, ಒಳ್ಳೆಯ ಫೋಕಸ್‌ನಲ್ಲಿ. ಇನ್ನೊಂದನ್ನು ದೊಡ್ಡದು ಮಾಡಿ ನೋಡಿದೆ. ಅದರಲ್ಲಿ ಅವಳು ನಿಜವಾಗಿ ಇದ್ದಳು. ನಾನೇ ಸಾಫ್ಟ್‌ವೇರಿನಲ್ಲಿ ಅವಳನ್ನು ಅಳಿಸಿ, ಆ ಜಾಗದಲ್ಲಿ ಒಂದು ಪೈನ್ ಗಿಡ ತುಂಬಿಸಿದ್ದೆ. ಮೂಲ ಫೋಟೋ ಉಳಿಸಿಕೊಂಡಿರಲಿಲ್ಲ. ಆ ಗಿಡವನ್ನು ನಮ್ಮ ಫೋಟೋ ಗುಂಪಿನಲ್ಲಿ ಬಹಳ ಜನ ಮೆಚ್ಚಿದ್ದರು.

ನನ್ನ ಹೆಂಡತಿ ಜಗಳಗಂಟಿಯಲ್ಲ. ಆಗಿದ್ದರೆ ನನಗೆ ಇಷ್ಟು ಭಯವಿರಲಿಲ್ಲ. ನಲವತ್ತು ಜನರೆದುರು ಹನ್ನೊಂದು ಕೋಟೆ ಓಡಿ, ಒಂದರಲ್ಲೂ ತಾನಿಲ್ಲ ಎಂದು ಅವಳು ಕಂಡುಕೊಂಡರೆ ಏನೂ ಅನ್ನುವುದಿಲ್ಲ, ಬಡಿಸುತ್ತಾ ಹೋಗುತ್ತಾಳೆ.

ಭಾನುವಾರ ಬೆಳಿಗ್ಗೆ ಒಂದು ಸುಳ್ಳು ಹೇಳಿದೆ. "ಹೊಸ ಲೆನ್ಸ್ ಟೆಸ್ಟ್ ಮಾಡ್ಬೇಕು, ಜಪಾನೀಸ್ ಗಾರ್ಡನ್‌ಗೆ ಹೋಗೋಣ. ಆ ಹಸಿರು ಸೀರೆ ಉಟ್ಕೋ." ಲೇಕ್‌ಸೈಡ್‌ನ ಆ ತೋಟದಲ್ಲಿ ಕಲ್ಲಿನ ದೀಪಗಳಿವೆ, ಕೊಳವಿದೆ, ಸ್ವಲ್ಪ ಹತ್ತಿರದಿಂದ ತೆಗೆದರೆ ಯಾವ ಕೋಟೆಯ ತೋಟವೆಂದಾದರೂ ನಂಬಿಸಬಹುದು ಎಂದು ನನ್ನ ಲೆಕ್ಕ. ದೀಪದ ಪಕ್ಕ ಅವಳು ನಿಂತಿದ್ದಳು. ಕ್ಯಾಮೆರಾ ಎತ್ತಿದೆ. ಅವಳು ಎರಡು ಹೆಜ್ಜೆ ಎಡಕ್ಕೆ ಸರಿದಳು. ನಾನೂ ಎಡಕ್ಕೆ ತಿರುಗಿದೆ. ಅವಳು ಮತ್ತೆ ಸರಿದಳು. ಹೀಗೆ ದೀಪಕ್ಕೆ ಎರಡು ಸುತ್ತು ಬಂದೆವು. ಬೆವರು ಕಣ್ಣಿಗಿಳಿಯಿತು. ಜಾಗಿಂಗ್ ಮಾಡುತ್ತಿದ್ದ ಅಂಕಲ್ ಒಬ್ಬರು ನಿಂತು, "ವೆಡ್ಡಿಂಗ್ ಶೂಟ್ ಆಹ್?" ಎಂದು ವಿಚಾರಿಸಿ ಮುಂದೆ ಓಡಿದರು.

ಒಂದು ಮರದ ಹಿಂದಿನಿಂದ ಅವಳ ದನಿ ಬಂತು. "ಇಷ್ಟು ಸಾಕಾ? ಇನ್ನೂ ಸ್ವಲ್ಪ ಹೋಗ್ಲಾ?"

ಕ್ಯಾಮೆರಾ ಇಳಿಸಿದೆ. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ಹತ್ತಿರ ಹೋಗಿ, ಸ್ಲೈಡ್‌ಶೋ, ಮೊಣಕೈ, ಚೀಲ, ಎಲ್ಲ ಒಪ್ಪಿಕೊಂಡೆ. ಪೈನ್ ಗಿಡದ ವಿಷಯ ಕೊನೆಗೆ ಹೇಳಿದೆ, ಕೊಂಚ ಮೆಲ್ಲಗೆ.

"ಗೊತ್ತು," ಎಂದಳು. "ಗ್ರೂಪಲ್ಲಿ ಹಾಕಿದ್ದಾಗ್ಲೇ ನೋಡ್ದೆ. ಅಲ್ಲಿ ಗಿಡ ಎಲ್ಲಿತ್ತು, ನಾನಲ್ವಾ ನಿಂತಿದ್ದು. ನಾನೂ ಲೈಕ್ ಕೊಟ್ಟಿದ್ದೀನಿ ಅದಕ್ಕೆ."

ಆಮೇಲೆ ಕಲ್ಲುಬೆಂಚಿನ ಮೇಲೆ ಕೂತು, ಫೋನ್ ತೆಗೆದು, ಬಹಳ ಹಿಂದಕ್ಕೆ ಸರಿಸುತ್ತಾ ಹೋಗಿ, ಒಂದು ಫೋಟೋ ನನ್ನ ಮುಂದೆ ಹಿಡಿದಳು. ಅದೇ ಮೊದಲ ಕೋಟೆ. ಕಾಲುಚೀಲದಲ್ಲಿ ನಾವಿಬ್ಬರು. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ, ನಾನು ಎಡಗಾಲಿನ ಶೂ ಬಲಗಾಲಿಗೆ ಹಾಕುತ್ತಿದ್ದೇನೆ.

"ಡಿಲೀಟ್ ಮಾಡು ಅಂದ್ರಿ. ಮಾಡ್ಲಿಲ್ಲ," ಎಂದಳು.

ಶನಿವಾರ ಗೆಳೆಯರ ಕಾಂಡೊ ಅಪಾರ್ಟ್‌ಮೆಂಟಿನ ಫಂಕ್ಷನ್ ರೂಮಿನಲ್ಲಿ ಮಗಳು ಆ ಒಂದೇ ಫೋಟೋವನ್ನು ಗೋಡೆಯಷ್ಟು ದೊಡ್ಡದಾಗಿ ಹಾಕಿದಳು. ಬೇರೆ ಸ್ಲೈಡ್ ಇರಲಿಲ್ಲ. ಬಿಸಿಬೇಳೆಬಾತಿನ ತಟ್ಟೆ ಹಿಡಿದ ಬ್ಯಾಂಕ್ ಅಂಕಲ್ ಹತ್ತಿರ ಹೋಗಿ, ಕನ್ನಡಕ ಏರಿಸಿ, ನಮ್ಮಿಬ್ಬರನ್ನೂ ಗುರುತಿಸಿ ಸಂತೋಷಪಟ್ಟರು. ಆಮೇಲೆ ಗೋಡೆಯ ಈ ತುದಿಯಿಂದ ಆ ತುದಿಗೆ ಹುಡುಕಿದರು.

"ನೀವಿಬ್ರೂ ಕಾಣ್ತಿದೀರಾ. ಕೋಟೆ ಎಲ್ಲಿ?"

ನಾನು ಬಾಯಿ ತೆರೆಯುವುದರೊಳಗೆ, ಹಪ್ಪಳದ ಡಬ್ಬಿ ಹಿಡಿದು ಹಿಂದೆ ನಿಂತಿದ್ದ ನನ್ನ ಹೆಂಡತಿ ಉತ್ತರ ಕೊಟ್ಟಳು.

"ಸ್ವಲ್ಪ ಆ ಕಡೆ ಹೋಗು ಅಂದ್ವಿ ಅಂಕಲ್. ಪಾಪ, ಹೋಯ್ತು."