ಅಕ್ಕನ ಮಡಿಲಕ್ಕಿ ಮತ್ತು ಆರು ಗಂಟೆಯ ದಾರಿ

ಫ್ರೀಮಾಂಟ್‌ನಲ್ಲಿ ದೂರವನ್ನು ಯಾರೂ ಮೈಲಿಯಲ್ಲಿ ಹೇಳುವುದಿಲ್ಲ, ಹೊತ್ತಿನಲ್ಲಿ ಹೇಳುತ್ತಾರೆ. ಲಾಸ್ ಏಂಜಲಿಸ್‌ನಲ್ಲಿದ್ದ ಅಕ್ಕನ ಮನೆ ನನಗೆ ವಿಮಾನದಲ್ಲಿ ಒಂದೂಕಾಲು ಗಂಟೆ, ಕಾರಿನಲ್ಲಿ ಆರು ಗಂಟೆ. ಒಂದೂಕಾಲು ಗಂಟೆ ತಾನೇ, ಯಾವಾಗ ಬೇಕಾದರೂ ಹೋಗಬಹುದು ಎಂದುಕೊಂಡು ಎರಡು ವರ್ಷ ಹೋಗಿರಲಿಲ್ಲ. ಅವಳೂ ಬಂದಿರಲಿಲ್ಲ.

ಈ ವಸಂತದಲ್ಲಿ ಅಕ್ಕ ಆ ಮನೆ ಮಾರಿ, ನ್ಯೂಜೆರ್ಸಿಯಲ್ಲಿರುವ ಮಗಳ ಹತ್ತಿರ ಹೊರಟಳು. ಹೊರಡುವ ವಾರ ಫೋನ್ ಮಾಡಿ, "ಮಡಿಲಕ್ಕಿ ಕೊಡೋಕೆ ಬರ್ತೀಯಾ?" ಎಂದಳು. ಅಪ್ಪ ಅಮ್ಮ ಇಲ್ಲ. ಅವಳಿಗೆ ತವರು ಅಂತ ಉಳಿದಿರುವುದು ನನ್ನ ಒಂದು ಕೋಣೆಯ ಅಪಾರ್ಟ್‌ಮೆಂಟು, ಅದರಲ್ಲಿ ನಾನೊಬ್ಬಳು.

ಶನಿವಾರ ಸಂಜೆ ಅವಳ ವಿಮಾನ. ಬೆಳಿಗ್ಗೆಯೇ ನಾನು ಅಕ್ಕಿ, ಬೆಲ್ಲದಚ್ಚು, ರವಿಕೆ ಕಣ, ಎಲೆ ಅಡಿಕೆ, ಜುಟ್ಟಿದ್ದ ಒಂದು ತೆಂಗಿನಕಾಯಿ ಕೈಚೀಲದಲ್ಲಿಟ್ಟುಕೊಂಡು ವಿಮಾನ ನಿಲ್ದಾಣಕ್ಕೆ ಹೋದೆ. ತಪಾಸಣೆಯ ಹುಡುಗಿ ಕಾಯನ್ನು ಹೊರಗೆ ತೆಗೆದು, ಒಳಗೆ ಏನಿದೆ ಎಂದು ಕೇಳಿದಳು. ಅಂಗಡಿಯಲ್ಲಿ ಕಿವಿಯ ಹತ್ತಿರ ಅಲ್ಲಾಡಿಸಿ ಆರಿಸಿ ತಂದ ಕಾಯಿ ಅದು.

"ನೀರು. ತುಂಬಾ ಇದೆ," ಎಂದೆ.

ನೀರು ಒಯ್ಯುವಂತಿಲ್ಲ ಎಂದಳು. ಅವಳ ಮೇಲಿನವನು ಬಂದು ನೋಡಿ ಅದನ್ನೇ ಹೇಳಿದ. ಚೀಲವನ್ನು ಲಗೇಜಿಗೆ ಹಾಕೋಣವೆಂದರೆ ಅದರ ಗಡುವು ಮುಗಿದಿತ್ತು. ಅಕ್ಕನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ.

"ಕಾಯಿ ಇಲ್ಲೇ ಬಿಟ್ಟು ಬರ್ತೀನಕ್ಕ. ನಿಮ್ಮನೆ ಹತ್ರ ಅಂಗಡೀಲಿ ಒಂದು ತಗೊಂಡ್ರಾಯ್ತು."

ಆ ಕಡೆ ರಟ್ಟಿನ ಪೆಟ್ಟಿಗೆಗೆ ಟೇಪು ಎಳೆಯುವ ಸದ್ದು ನಿಂತಿತು. "ಅಂಗಡಿ ತವರಾಗುತ್ತಾ?"

"ಕಾರಲ್ಲಿ ಆರು ಗಂಟೆ. ಅಷ್ಟರಲ್ಲಿ ನೀನು ಹೊರಟಿರ್ತೀಯೋ ಏನೋ."

"ಐದೂವರೆಗೆ ಟ್ಯಾಕ್ಸಿ ಬರುತ್ತೆ. ಅಲ್ವೇ, ನೀರಿದೆ ಅಂತ ಯಾಕೆ ಹೇಳೋಕೆ ಹೋದೆ, ಪೆದ್ದಿ?"

ಪಾರ್ಕಿಂಗ್‌ಗೆ ವಾಪಸು ಬಂದು ಚೀಲವನ್ನು ಪಕ್ಕದ ಸೀಟಿನಲ್ಲಿಟ್ಟೆ. ಯಾರೋ ಬೆಲ್ಟು ಹಾಕದೆ ಕೂತಿದ್ದಾರೆಂದು ಕಾರು ಕೂಗತೊಡಗಿತು. ಚೀಲಕ್ಕೆ ಬೆಲ್ಟು ಹಾಕಿದ ಮೇಲೆ ಸುಮ್ಮನಾಯಿತು. ಫ್ರೀವೇ ಹಿಡಿದು ಗುಡ್ಡ ದಾಟಿದರೆ ಮುಂದೆಲ್ಲ ನೇರ ರಸ್ತೆ. ಬಾದಾಮಿ ತೋಟ, ಲಾರಿಗಳು, ಒಂದು ಕಡೆ ಸಾವಿರಾರು ದನಗಳ ವಾಸನೆ. ಅಷ್ಟು ಹೊತ್ತೂ ನಾನು ಮಾತಾಡಿದ್ದು ಪೆಟ್ರೋಲ್ ಬಂಕಿನವನ ಜೊತೆ, ಅದೂ ಎರಡು ಮಾತು.

ಮುಟ್ಟಿದಾಗ ಟ್ಯಾಕ್ಸಿ ಬರಲು ಹತ್ತು ನಿಮಿಷವಿತ್ತು. ಮನೆ ಖಾಲಿಯಾಗಿತ್ತು. ಅಕ್ಕ ಜೀನ್ಸ್ ತೊಟ್ಟು ಮೆಟ್ಟಿಲ ಮೇಲೆ ಕೂತಿದ್ದಳು.

"ಸೆರಗೇ ಇಲ್ವಲ್ಲೇ. ಸೀರೆಯೆಲ್ಲ ಪೆಟ್ಟಿಗೇಲಿ ಹೋಯ್ತು," ಎಂದು ಹೆಗಲ ಶಾಲನ್ನೇ ಮಡಿಲಿಗೆ ಹರಡಿ ಪೂರ್ವಕ್ಕೆ ತಿರುಗಿ ಕೂತಳು. ಪೂರ್ವ ಯಾವ ಕಡೆ ಎಂದು ಫೋನಿನಲ್ಲಿ ನೋಡಬೇಕಾಯಿತು. ಅಕ್ಕಿ, ಬೆಲ್ಲ, ಕಾಯಿ ಹಾಕಿದೆ. ಪದ್ಧತಿಯಂತೆ ಅವಳು ಒಂದು ಹಿಡಿ ಅಕ್ಕಿಯನ್ನು ತವರಿಗೆಂದು ನನ್ನ ಚೀಲಕ್ಕೆ ಹಿಂತಿರುಗಿಸಿದಳು. ಉಳಿದದ್ದನ್ನು ಶಾಲಿನಲ್ಲೇ ಗಂಟುಕಟ್ಟಿ, ಲಗೇಜಿಗೆ ಹಾಕುವ ಸೂಟ್‌ಕೇಸಿನಲ್ಲಿಟ್ಟಳು.

"ನ್ಯೂಜೆರ್ಸಿ ಏನು ಮಹಾ, ವಿಮಾನದಲ್ಲಿ ಐದೂವರೆ ಗಂಟೆ," ಎಂದಳು ಟ್ಯಾಕ್ಸಿ ಹತ್ತುತ್ತಾ.

ಕಾರಿನಲ್ಲಿ ಎಷ್ಟು ದಿನ ಎಂದು ಇಬ್ಬರೂ ಹೇಳಲಿಲ್ಲ. ಟ್ಯಾಕ್ಸಿ ತಿರುವು ದಾಟಿದ ಮೇಲೆ ನನ್ನ ಕಾರಿಗೆ ಬಂದು ಚೀಲವನ್ನು ಮತ್ತೆ ಪಕ್ಕದ ಸೀಟಿನಲ್ಲಿಟ್ಟೆ. ಒಂದು ಹಿಡಿ ಅಕ್ಕಿಯ ಭಾರ. ಈ ಸಲ ಕಾರು ಕೂಗಲಿಲ್ಲ.