ಉಡಿಗೆ ಬಿದ್ದ ಟಿವಿ ಗೇಮು

ಮೊನ್ನೆ ಸಂಜೆ ಮಗಳು ಫೋನನ್ನು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ತಂದು ಹಿಡಿದಳು. ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದೆ. ಚಾಪೆಯ ಮೇಲೆ ಕಪ್ಪು ಬಣ್ಣದ ಒಂದು ಪೆಟ್ಟಿಗೆ, ಪಕ್ಕದಲ್ಲಿ ಸುತ್ತಿಟ್ಟ ವೈರು, ಕೈಯಲ್ಲಿ ಹಿಡಿದು ಆಡುವ ಎರಡು ರಿಮೋಟು. ಕೆಳಗೆ ‘ಸೆಕೆಂಡ್ ಹ್ಯಾಂಡ್ ಗೇಮು, ಚೆನ್ನಾಗಿದೆ, ಸಿರಸಿಗೆ ಬಂದು ಒಯ್ಯಬೇಕು, ಚೌಕಾಸಿ ಇಲ್ಲ’ ಎಂದು ಬರೆದು ಬೆಲೆಯನ್ನೂ ಹಾಕಿದ್ದರು. ಹೊಸದರ ಬೆಲೆ ಕೇಳಿದಾಗಿನಿಂದ ನಮ್ಮ ಮನೆಯ ಯಜಮಾನರು ಮೌನವ್ರತ ಹಿಡಿದಿದ್ದಾರೆ. ಹಾಗಾಗಿ ಹಳೆಯದನ್ನಾದರೂ ಕೊಡಿಸಿ ಎಂದು ಅವಳ ಹಟ.

ನನಗೆ ನಗು ಬಂತು. ಬೆಲೆ ನೋಡಿ ಬಂದ ನಗುವಲ್ಲ. ಅದನ್ನು ಎಷ್ಟು ಸಲೀಸಾಗಿ ಬರೆದುಬಿಟ್ಟಿದ್ದಾರಲ್ಲ ಎಂದು ಬಂದದ್ದು. ನಾನು ಚಿಕ್ಕವಳಿದ್ದಾಗ ನಮ್ಮ ಕಡೆ ಹಳೆಯ ವಸ್ತುವೊಂದರ ಬೆಲೆ ಬಾಯಿಂದ ಹೊರಬೀಳಬೇಕಾದರೆ ಮೊದಲು ಪಾನಕ, ಆಮೇಲೆ ಊಟ, ಊಟದ ಮೇಲೆ ಎಲೆಯಡಿಕೆಯ ಕವಳ, ಕವಳದ ಜೊತೆ ಎರಡೂ ಮನೆಗಳ ಹಿಂದಿನವರ ಕಥೆ ಎಲ್ಲ ಆಗಬೇಕಿತ್ತು. ಇಷ್ಟೆಲ್ಲ ಆದ ಮೇಲೂ ಬೆಲೆ ಹೊರಬೀಳುತ್ತದೆ ಎಂಬ ಖಾತ್ರಿ ಇರಲಿಲ್ಲ. ಕೂತುಕೊಳ್ಳಿ, ಹೇಳುತ್ತೇನೆ. ನಿಮಗೇನೂ ಅವಸರವಿಲ್ಲವಷ್ಟೆ?

ತೊಂಬತ್ತರ ದಶಕದ ಮಾತು. ನಾವು ಸಿರಸಿ ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಬಾಡಿಗೆಗಿದ್ದೆವು. ಅಪ್ಪಯ್ಯ ಹುಲೇಕಲ್ ಕಡೆಯ ಒಂದು ಶಾಲೆಯಲ್ಲಿ ಮಾಸ್ತರ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ಬರುತ್ತಿದ್ದ. ಆ ವರ್ಷ ಬೇಸಿಗೆ ರಜೆಯಲ್ಲಿ ಹುಬ್ಬಳ್ಳಿಯ ನೆಂಟರ ಮನೆಗೆ ಹೋದಾಗ ನಾನು ಮೊದಲ ಸಲ ಟಿವಿ ಗೇಮು ನೋಡಿದೆ. ಬರೀ ನೋಡಿದ್ದಲ್ಲ, ಒಂದೇ ಒಂದು ಸಲ ಆಡಿದೆ. ಟಿವಿಯೊಳಗೆ ಒಬ್ಬ ಕುಳ್ಳ ಸೈನಿಕ ಕೋಟೆ ಹತ್ತುತ್ತಾನೆ, ಕಂದಕ ಹಾರುತ್ತಾನೆ, ಮೇಲಿಂದ ಬೀಳುವ ಕಲ್ಲು ತಪ್ಪಿಸಿಕೊಳ್ಳುತ್ತಾನೆ. ಅವನು ನನ್ನ ಹೆಬ್ಬೆರಳು ಹೇಳಿದಂತೆ ಕೇಳುತ್ತಿದ್ದ! ಮನೆಯಲ್ಲಿ ಆಗಲಿ ಶಾಲೆಯಲ್ಲಿ ಆಗಲಿ ನಾನು ಹೇಳಿದ್ದನ್ನು ಕೇಳುವವರು ಆವರೆಗೆ ಯಾರೂ ಇರಲಿಲ್ಲ.

ಸಿರಸಿಗೆ ವಾಪಸ್ಸು ಬಂದ ಮೇಲೂ ಅವನು ನನ್ನನ್ನು ಬಿಡಲಿಲ್ಲ. ಬಸ್ಸಿನ ಕಿಟಕಿಯಲ್ಲಿ ಕೂತರೆ ಕರೆಂಟ್ ಕಂಬದಿಂದ ಕಂಬಕ್ಕೆ ಹಾರುತ್ತಿದ್ದ. ಮಗ್ಗಿ ಬರೆಯುವಾಗ ಸಾಲಿನಿಂದ ಸಾಲಿಗೆ ಇಳಿಯುತ್ತಿದ್ದ. ಕಣ್ಣು ಮುಚ್ಚಿದರೆ ಸಾಕು, ನೀಲಿ ಆಕಾಶ, ಇಟ್ಟಿಗೆಯ ಗೋಡೆ, ಮುಗಿಯದ ಮೆಟ್ಟಿಲು. ನಾನು ಸೋಪಿನ ಖಾಲಿ ಡಬ್ಬಿಗೆ ಅಂಗಿಯ ಗುಂಡಿಗಳನ್ನು ಅಂಟಿಸಿ ರಿಮೋಟು ಮಾಡಿಕೊಂಡೆ. ಅದನ್ನು ಹಿಡಿದು ಬಂದ್ ಮಾಡಿದ ಟಿವಿಯ ಮುಂದೆ ಕೂತರೆ ಗಾಜಿನಲ್ಲಿ ನನ್ನ ಮುಖವೇ ಮಸುಕಾಗಿ ಕಾಣುತ್ತಿತ್ತು, ಅದರೊಳಗೆ ಎಲ್ಲೋ ಆ ಕುಳ್ಳ ಓಡುತ್ತಿದ್ದ. ನನ್ನ ಅಮ್ಮ, ಅಂದರೆ ಆಯಿ, ಅಡುಗೆಮನೆಯಿಂದ ಇಣುಕಿ, “ಈ ಕೂಸಿಗೆ ಎಂತ ಆತೇನ! ಬಂದ್ ಮಾಡಿದ ಟಿವಿ ನೋಡ್ತಾ ಕೂತಿದ್ದು” ಎಂದು ಗಾಬರಿಯಾದಳು.

ಅಪ್ಪಯ್ಯ ಹುಬ್ಬಳ್ಳಿಯಲ್ಲಿ ಹೊಸದರ ಬೆಲೆ ವಿಚಾರಿಸಿಕೊಂಡು ಬಂದ. ಬಂದವನೇ ಕೈಕಾಲು ತೊಳೆಯುವ ಮೊದಲೇ, “ಅಷ್ಟ್ ದುಡ್ಡಿಗೆ ಹಾಲು ಕೊಡೋ ಆಕಳು ಬತ್ತು” ಎಂದ. ಮಾಳಿಗೆ ಮನೆಯಲ್ಲಿ ಆಕಳನ್ನು ಎಲ್ಲಿ ಕಟ್ಟುತ್ತಿದ್ದನೋ ಗೊತ್ತಿಲ್ಲ. ಆದರೆ ನನ್ನ ಮುಖ ನೋಡಿ ಅವನಿಗೂ ಕರುಳು ಚುರ್ ಅಂದಿರಬೇಕು. ಹಳೆಯದು ಎಲ್ಲಾದರೂ ಸಿಕ್ಕರೆ ಹೇಳಿ ಎಂದು ಕಂಡಕಂಡವರಿಗೆ ಹೇಳಿಟ್ಟ. ಮಳೆಗಾಲ ಕಳೆಯುವ ಹೊತ್ತಿಗೆ ಶಾಲೆಯ ಇನ್ನೊಬ್ಬ ಮಾಸ್ತರರು ಸುದ್ದಿ ತಂದರು: ಯಲ್ಲಾಪುರದಲ್ಲಿ ಕಟ್ಟಿಗೆ ಡಿಪೋದ ಗುಮಾಸ್ತರೊಬ್ಬರ ಮನೆಯಲ್ಲಿ ಒಂದು ಟಿವಿ ಗೇಮು ಇದೆಯಂತೆ, ಕೊಡುತ್ತಾರಂತೆ.

ಇಲ್ಲಿ ನಿಮಗೆ ಅಪ್ಪಯ್ಯನ ಸೈಕಲ್ಲಿನ ಕಥೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅದಕ್ಕೂ ಹಿಂದೆ ಒಮ್ಮೆ ಅಪ್ಪಯ್ಯ ಹಳೆಯ ಸೈಕಲ್ ಕೊಳ್ಳಲು ಸಿದ್ದಾಪುರಕ್ಕೆ ಹೋಗಿದ್ದ. ನಮ್ಮವರು ಇಬ್ಬರು ಎದುರುಬದುರು ಕೂತರೆ ಮೊದಲು ಕೇಳುವುದು ‘ನಿಂಗಳ ಮನೆ ಎಲ್ಲಾತು’ ಎಂದಲ್ಲವೇ? ಅಲ್ಲಿಂದ ಶುರುವಾದದ್ದು, ಯಾರ ಮಗಳನ್ನು ಎಲ್ಲಿಗೆ ಕೊಟ್ಟಿದೆ, ಯಾರ ಮನೆಯಿಂದ ಯಾರಿಗೆ ತಂದಿದೆ ಎಂದು ಸುತ್ತಿ ಬಳಸಿ, ಕೊನೆಗೆ ಒಂದು ನೆಂಟಸ್ತನ ಸಿಗುವವರೆಗೆ ನಿಲ್ಲುವುದಿಲ್ಲ. ಸಿದ್ದಾಪುರದಲ್ಲಿ ಅದು ಪಾನಕ ಕುಡಿಯುವುದರೊಳಗೆ ಸಿಕ್ಕಿತು. ನೆಂಟರಿಂದ ದುಡ್ಡು ತೆಗೆದುಕೊಳ್ಳಲು ಅವರಿಗೆ ನಾಚಿಕೆ. ನೆಂಟರಿಂದ ಪುಕ್ಕಟೆ ತೆಗೆದುಕೊಳ್ಳಲು ಇವನಿಗೆ ನಾಚಿಕೆ. ಸೈಕಲ್ಲು ಅಲ್ಲೇ ಜಗಲಿಯ ಗೋಡೆಗೆ ಒರಗಿಕೊಂಡು ಉಳಿಯಿತು. ಅಪ್ಪಯ್ಯ ಅವರು ಕೊಟ್ಟ ಹಲಸಿನ ಹಪ್ಪಳದ ಕಟ್ಟು ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತಿ ಬಂದ.

ಹಾಗಾಗಿ ಯಲ್ಲಾಪುರದ ಬಸ್ಸಿನಲ್ಲಿ ನಾನು ದಾರಿಯುದ್ದಕ್ಕೂ ದೇವರಲ್ಲಿ ಬೇಡಿದ್ದು ಒಂದೇ: ಆ ಮನೆಯವರು ನಮಗೆ ಏನೂ ಆಗದೇ ಇರಲಿ. ದೂರದ ನೆಂಟರೂ ಬೇಡ. ಸಿಕ್ಕಾಪಟ್ಟೆ ಪರಕೀಯರಾಗಿರಲಿ.

ಡಿಪೋದ ಹಿಂದೆ ಪುಟ್ಟ ಮನೆ. ಸುತ್ತೆಲ್ಲ ಕೊಯ್ದ ತೇಗದ ವಾಸನೆ. ಗುಮಾಸ್ತರ ಹೆಸರು ಶ್ರೀಪಾದ, ತೆಳ್ಳಗೆ ಬೆಳ್ಳಗೆ, ಮಾತು ಮಾತಿಗೂ ನಗುವವರು. ಅವರ ಹೆಂಡತಿ ಸುಮಿತ್ರಾ ಮುರುಗಲ ಹಣ್ಣಿನ ಪಾನಕ ತಂದುಕೊಟ್ಟು ಒಳಗೆ ಹೋದಳು. ಮೂಲೆಯಲ್ಲಿ ಟಿವಿ, ಅದರ ಮೇಲೆ ಕಸೂತಿ ಬಟ್ಟೆ. ಬಟ್ಟೆಯಡಿ ಏನೋ ಉಬ್ಬಿಕೊಂಡಿತ್ತು. ನಾನು ಆ ಉಬ್ಬನ್ನೇ ನೋಡುತ್ತ ಕೂತೆ. ಅದರೊಳಗೆ ಕುಳ್ಳ ಸೈನಿಕ ಮಲಗಿ ಉಸಿರಾಡುತ್ತಿದ್ದಾನೆ ಅನ್ನಿಸುತ್ತಿತ್ತು.

“ನಿಂಗಳ ಮೂಲ ಮನೆ ಎಲ್ಲಾತು?” ಅಪ್ಪಯ್ಯ ಕೇಳಿಯೇಬಿಟ್ಟ.

“ಭೈರುಂಬೆ ಬದಿ.”

ನಾನು ಕಣ್ಣು ಮುಚ್ಚಿಕೊಂಡೆ. ಭೈರುಂಬೆ ಅಪಾಯದ ಊರು. ಅಲ್ಲಿಗೆ ನಮ್ಮವರ ಹೆಣ್ಣು ಕೊಟ್ಟಿದ್ದು ನನಗೇ ಗೊತ್ತಿತ್ತು.

“ಅಲ್ಲಿ ಕೆಳಗಿನ ಮನೆ ಹೇಳಿ ಇದ್ದಲ, ಗೊತ್ತಿದ್ದ?”

“ಗೊತ್ತಿದ್ದ ಹೇಳಿ ಕೇಳ್ತ್ರ? ಅದು ಯಂಗಳ ದೊಡ್ಡಪ್ಪನ ಮನೆ! ದೊಡ್ಡಪ್ಪನ ಮಗಂಗೆ ಹುಲೇಕಲ್ ಕಡಿಂದ ಹೆಣ್ಣು ತಂದಿದ್ದು.”

“ಅದು ಯನ್ನ ಸೋದರಮಾವನ ಮಗಳು!” ಅಪ್ಪಯ್ಯ ಎದ್ದು ನಿಂತೇಬಿಟ್ಟ. “ಹಂಗಾರೆ ನೀನು ಯಂಗೆ ಭಾವ ಆತಲ ಮಾರಾಯ!”

ಒಂದೇ ಉಸಿರಿಗೆ ‘ನೀವು’ ಹೋಗಿ ‘ನೀನು’ ಬಂತು. ಇಬ್ಬರ ಮುಖದಲ್ಲೂ ಹಬ್ಬ. ನನ್ನ ಪಾಲಿಗೆ ಅಲ್ಲಿಗೆ ಎಲ್ಲ ಮುಗಿಯಿತು. ಊಟಕ್ಕೆ ಅಪ್ಪೆಹುಳಿ ಇತ್ತು, ತೊಡದೇವು ಇತ್ತು. ನಾನು ಎಲೆಯ ಮೇಲೆ ಬೆರಳಾಡಿಸುತ್ತ ಕೂತೆ. ಅತ್ತೆಯಾಗಿಬಿಟ್ಟ ಸುಮಿತ್ರತ್ತೆ ಮಾತ್ರ ತಿರುತಿರುಗಿ ನನ್ನನ್ನೇ ನೋಡುತ್ತಿದ್ದಳು.

ಊಟವಾಗಿ ಕವಳ ಹಾಕಿ ಗಂಡಸರಿಬ್ಬರೂ ಜಗಲಿಯಲ್ಲಿ ಅಡ್ಡಾದರು. ಮಧ್ಯಾಹ್ನದ ಆ ಮಂಪರಿನಲ್ಲಿ ಡಿಪೋದ ಗರಗಸವೂ ನಿಂತಿತ್ತು. ಸುಮಿತ್ರತ್ತೆ ಸದ್ದಾಗದಂತೆ ಬಾಗಿಲು ಮುಂದೆ ಮಾಡಿ, “ಬಾ ಕೂಸೆ” ಎಂದು ಪಿಸುಗುಟ್ಟಿ ಟಿವಿಯ ಬಟ್ಟೆ ತೆಗೆದಳು. ವೈರು ಸಿಕ್ಕಿಸಿದಳು. ಆಮೇಲೆ ಬಳೆಗಳನ್ನು ಮೊಣಕೈವರೆಗೆ ಏರಿಸಿ, ಸೆರಗು ಸಿಕ್ಕಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

ಅವಳು ಆಡಿದ್ದನ್ನು ನೀವು ನೋಡಬೇಕಿತ್ತು. ನಾನು ಕನಸಿನಲ್ಲೂ ದಾಟದಿದ್ದ ಕಂದಕಗಳನ್ನು ಅವಳು ಹೂವು ಕೊಯ್ದಷ್ಟು ಸುಲಭವಾಗಿ ದಾಟಿದಳು. ಕೋಟೆ ಮುಗಿದು ಇನ್ನೊಂದು ಕೋಟೆ ಬಂತು. ಅದೂ ಮುಗಿದು ಹಿಮದ ಊರು ಬಂತು. ಅದರಾಚೆ ಮೋಡದ ಮೇಲೆ ನಡೆಯುವ ದಾರಿ ಬಂತು. ಅಲ್ಲಿ ಶತ್ರುಗಳೇ ಇರಲಿಲ್ಲ. ಕುಳ್ಳ ಸುಮ್ಮನೆ ತೇಲುತ್ತ ಹೋಗುತ್ತಿದ್ದ. ಅವಳ ಮುಖದ ಮೇಲೆ ಟಿವಿಯ ನೀಲಿ ಬೆಳಕು ಬಿದ್ದಿತ್ತು. ಊಟ ಬಡಿಸಿದ ಹೆಂಗಸು ಇವಳೇ ಹೌದೋ ಅಲ್ಲವೋ ಎಂದು ನನಗೆ ಅನುಮಾನವಾಯಿತು. ನಾವಿಬ್ಬರೂ ಎಷ್ಟು ಹೊತ್ತು ಆ ಮೋಡದ ಮೇಲಿದ್ದೆವೋ ನನಗೆ ಇವತ್ತಿಗೂ ತಿಳಿಯದು.

“ಇದು ಯಾರದ್ದು ಅತ್ತೆ?” ಕೇಳಿದೆ.

“ಇವು ಯಂಗೆ ಹೇಳಿ ತಂದಿದ್ದು. ಹಗಲೆಲ್ಲ ಒಬ್ಳೇ ಇರ್ತೆ ಅಲ್ದ? ಮೊದ್ಲು ಇಬ್ರೂ ಆಡ್ತಿದ್ಯ.” ಗಂಡ ತನಗೆಂದೇ ತಂದದ್ದನ್ನು ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು. “ಬಂದವ್ವೆಲ್ಲ ಕೇಳ್ತ, ಮಕ್ಕಳಿಲ್ದ ಮನೇಲಿ ಇದು ಯಾರಿಗೆ ಹೇಳಿ. ಇವಕ್ಕೆ ಉತ್ತರ ಕೊಡಲೆ ಬತ್ತಿಲ್ಲೆ. ಕೊಟ್ಟುಬಿಡನ ಹೇಳಿದ.” ಆಮೇಲೆ ರಿಮೋಟನ್ನು ನನ್ನ ಕೈಗಿಟ್ಟು, “ಹಾರುವ ಮೊದ್ಲು ಒಂದು ಹೆಜ್ಜೆ ಹಿಂದೆ ಬರಕ್ಕು. ಹೆದರಿ ಅಲ್ಲ, ಓಟಕ್ಕೆ” ಎಂದಳು.

ಮುಸ್ಸಂಜೆಗೆ ಬಸ್ಸಿನ ಹೊತ್ತಾಯಿತು. ಜಗಲಿಯಲ್ಲಿ ನಾನು ಹೆದರಿದ್ದೇ ನಡೆಯಿತು. ಅಪ್ಪಯ್ಯ ಜೇಬಿಗೆ ಕೈ ಹಾಕಿದ, ಶ್ರೀಪಾದ ಮಾವ ಆ ಕೈ ಹಿಡಿದುಕೊಂಡ.

“ದುಡ್ಡಿನ ಮಾತು ಬ್ಯಾಡ ಭಾವ. ಕೂಸು ಹಂಗೇ ತಗಂಡು ಹೋಗ್ಲಿ.”

“ಛೆ ಛೆ, ಹಂಗೆ ತಗಂಡು ಹೋಪಲಾಗ.”

“ಹಂಗಾರೆ ಯಂಗೆ ಬೇಜಾರಾಗ್ತು.”

“ತಗಂಡರೆ ಯಂಗೆ ಬೇಜಾರಾಗ್ತು.”

ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಹೀಗೆ ಎಷ್ಟೋ ಹೊತ್ತು ಬೇಜಾರು ಹಂಚಿಕೊಂಡರು. ಕೊನೆಗೆ ಅಪ್ಪಯ್ಯ ಟೊಪ್ಪಿ ಹಾಕಿಕೊಂಡು, “ಹೋಗ್ಲಿ ಬಿಡು, ಆ ವಿಷ್ಯ ಬ್ಯಾಡ. ಯಂಗ ಹೊರಡ್ತ್ಯ” ಎಂದ. ನನ್ನ ಕಣ್ಣು ತುಂಬಿ ಎದುರಿಗಿದ್ದ ತೇಗದ ದಿಮ್ಮಿಗಳೆಲ್ಲ ಕಲಸಿಹೋದವು. ಅಳಬಾರದು ಎಂದು ತುಟಿ ಕಚ್ಚಿಕೊಂಡೆ. ಅತ್ತೇಬಿಟ್ಟೆ.

ಆಗ ಸುಮಿತ್ರತ್ತೆ ಹರಿವಾಣ ಹಿಡಿದು ಹೊರಗೆ ಬಂದಳು. “ಮೊದಲ ಸಲ ಮನೆಗೆ ಬಂದ ಕೂಸು. ಬರಿ ಕೈಲಿ ಕಳಸಲಾಗ. ಇಲ್ಲಿ ಬಾ, ಉಡಿ ಒಡ್ಡು.”

“ಇಷ್ಟು ಸಣ್ಣ ಕೂಸಿಗೆ ಎಂತ ಉಡಿ?” ಅಪ್ಪಯ್ಯ ನಕ್ಕ. ಉಡಿ ತುಂಬುವುದು ಮದುವೆಯಾದ ಹೆಂಗಸರಿಗೆ. ಆದರೆ ಅವಳು ಅದನ್ನು ಕೇಳಿಸಿಕೊಳ್ಳಲಿಲ್ಲ. ನನ್ನ ಹಣೆಗೆ ಕುಂಕುಮ ಇಟ್ಟಳು. ನಾನು ಲಂಗದ ಅಂಚು ಹಿಡಿದು ಒಡ್ಡಿದೆ. ಒಂದು ಹಿಡಿ ಅಕ್ಕಿ ಬಿತ್ತು, ತೆಂಗಿನಕಾಯಿ ಬಿತ್ತು, ರವಿಕೆ ಕಣ ಬಿತ್ತು. ಅದರ ಮೇಲೆ, ವೈರು ಸುತ್ತಿದ ಆ ಟಿವಿ ಗೇಮು ಬಿತ್ತು.

ಉಡಿಗೆ ಬಿದ್ದದ್ದನ್ನು ವಾಪಸ್ಸು ಕೊಡುವಂತಿಲ್ಲ, ಅದಕ್ಕೆ ಬೆಲೆ ಕಟ್ಟುವಂತಿಲ್ಲ. ಅಪ್ಪಯ್ಯ ಹಾಕಿಕೊಂಡ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಶ್ರೀಪಾದ ಮಾವ ತನ್ನ ಹೆಂಡತಿಯನ್ನು ಆಗ ತಾನೇ ನೋಡುತ್ತಿರುವವನಂತೆ ನೋಡುತ್ತಿದ್ದ. ನಾನೋ, ಲಂಗದ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಭೂಮಿಯ ಮೇಲೆ ನಡೆಯುತ್ತಿರುವುದೇ ಸುಳ್ಳು ಎಂಬಂತೆ ಬಸ್‌ಸ್ಟ್ಯಾಂಡಿನವರೆಗೆ ಬಂದೆ. ತಿರುವಿನಲ್ಲಿ ಒಮ್ಮೆ ಹಿಂದಕ್ಕೆ ನೋಡಿದೆ. ಶ್ರೀಪಾದ ಮಾವ ಕೈ ಬೀಸುತ್ತಿದ್ದ. ಸುಮಿತ್ರತ್ತೆ ಒಳಗೆ ಹೋಗಿಯಾಗಿತ್ತು.

ಆ ಟಿವಿ ಗೇಮು ನಮ್ಮ ಮಾಳಿಗೆಯಲ್ಲಿ ಬಹಳ ಕಾಲ ಬದುಕಿತು. ದೀಪಾವಳಿಗೆ ಆಯಿ ಯಲ್ಲಾಪುರಕ್ಕೆ ಒಂದು ಸೀರೆ ಕಳಿಸಿದಳು, ಅಲ್ಲಿಂದ ತೊಡದೇವಿನ ಡಬ್ಬಿ ಬಂತು, ಅದಕ್ಕೆ ಇಲ್ಲಿಂದ ಇನ್ನೇನೋ ಹೋಯಿತು. ಆಮೇಲೆ ಶ್ರೀಪಾದ ಮಾವನಿಗೆ ಬೇರೆಲ್ಲೋ ಕೆಲಸವಾಗಿ ಹೋಗಿಬರುವುದು ನಿಂತಿತು. ನಾನು ಕಂದಕ ಹಾರುವಾಗಲೆಲ್ಲ ಒಂದು ಹೆಜ್ಜೆ ಹಿಂದೆ ಬರುತ್ತಿದ್ದೆ. ಕೋಟೆಗಳನ್ನು ದಾಟಿದೆ, ಹಿಮದ ಊರಿಗೂ ಹೋದೆ. ಮೋಡದ ದಾರಿಗೆ ಮಾತ್ರ ನನಗೆ ಒಮ್ಮೆಯೂ ಹೋಗಲಾಗಲಿಲ್ಲ.

ಎಷ್ಟೋ ವರ್ಷಗಳ ಕೆಳಗೆ, ನನಗೂ ಮದುವೆಯಾಗಿ ಸಿದ್ದಾಪುರದ ಈ ಮನೆಯಲ್ಲಿ ಹಗಲೆಲ್ಲ ಒಬ್ಬಳೇ ಇರುತ್ತಿದ್ದ ಕಾಲದಲ್ಲಿ, ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಹೊಳೆಯಿತು. ಅವತ್ತು ಆ ಜಗಲಿಯಲ್ಲಿ ಎಷ್ಟೊಂದು ಪ್ರಶ್ನೆ ಕೇಳಿದ್ದರು! ಯಾವ ಊರು, ಯಾವ ಮನೆ, ಯಾರ ಮಗಳು, ಎಲ್ಲಿಗೆ ಕೊಟ್ಟಿದ್ದು. ಕೊಡುವವರು ಯಾರು, ಕೊಳ್ಳುವವರು ಯಾರು ಎಂದು ಮೂಲದವರೆಗೆ ಅಗೆದು ನೋಡಿದ್ದರು. ‘ನಿಂಗೆ ಇದು ಬೇಕನೇ?’ ಎಂದು ಒಬ್ಬರೂ ಸುಮಿತ್ರತ್ತೆಯನ್ನು ಕೇಳಿರಲಿಲ್ಲ. ಗಂಡಸರಿಬ್ಬರೂ ಮರ್ಯಾದೆ ಉಳಿಸಿಕೊಳ್ಳುವ ಗಡಿಬಿಡಿಯಲ್ಲಿದ್ದರು. ಆ ಮನೆಯಲ್ಲಿ ಆ ಪೆಟ್ಟಿಗೆಯನ್ನು ಕಳೆದುಕೊಳ್ಳುವವಳು ಅವಳೊಬ್ಬಳೇ, ಅದನ್ನು ಕೊಡುವ ದಾರಿ ಹುಡುಕಿದವಳೂ ಅವಳೇ. ಅವತ್ತು ಹೊಳೆದದ್ದು ಎದೆಯಲ್ಲಿ ಹಾಗೇ ಕೂತಿದೆ.

“ಆಯಿ, ಫೋನ್ ಮಾಡೇ!” ಮಗಳು ಅಲ್ಲಾಡಿಸಿದಳು. ಮಾಡಿದೆ. ಒಬ್ಬ ಯುವಕ ಎತ್ತಿದ.

“ಹೇಳಿ ಮೇಡಂ. ಬೆಲೆ ಹಾಕಿದ್ದೇ ಫಿಕ್ಸು.”

“ಬೆಲೆ ಇರ‍್ಲಿ. ನಿಮ್ಮನೆಲಿ ಇದು ಯಾರಿಗಾದ್ರೂ ಇನ್ನೂ ಬೇಕಾ?”

ಇದೆಂಥ ಗಿರಾಕಿ ಎಂದುಕೊಂಡಿರಬೇಕು. “ಒಂದ್ನಿಮಿಷ” ಎಂದವನು ಫೋನನ್ನು ಪೂರ್ತಿ ಮುಚ್ಚಿಕೊಳ್ಳದೆ ಒಳಗೆ ಕೂಗಿದ್ದು ನನಗೆ ಕೇಳಿಸಿತು: “ಏ, ಈ ಗೇಮು ನಿಂಗೆ ಬೇಕನೇ? ಫೋನ್ ಮಾಡಿದವು ಕೇಳ್ತಾ ಇದ್ದ.”

ಒಳಗೆ ಕೇಳಿಸುತ್ತಿದ್ದ ಪಾತ್ರೆ ತೊಳೆಯುವ ಸದ್ದು ನಿಂತಿತು. ದೂರದಿಂದ ಒಂದು ಹೆಣ್ಣಿನ ದನಿ, ಬಹಳ ನಿಧಾನವಾಗಿ ಬಂತು.

“ಈಗ ಕೇಳ್ತ್ಯ?”

ಆಮೇಲೆ ಅವರಿಬ್ಬರೂ ಏನೋ ಮಾತಾಡಿಕೊಂಡರು. ನನಗೆ ಕೇಳಲಿಲ್ಲ, ಕೇಳುವುದೂ ಬೇಕಿರಲಿಲ್ಲ. ಅವನು ಮತ್ತೆ ಬಂದು, ದನಿ ತಗ್ಗಿಸಿ, “ಸಾರಿ ಮೇಡಂ, ಅದು ಕೊಡೂದಿಲ್ಲ” ಎಂದ.

ಮಗಳು ಮುಖ ಊದಿಸಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳಿಗೆ ಬೇರೆ ಹುಡುಕಬೇಕು, ಹುಡುಕುತ್ತೇನೆ. ಫೋನು ಕೈಯಲ್ಲೇ ಇತ್ತು. ಇಷ್ಟು ಸಂತೋಷ ನನಗೆ ಯಾವ ವ್ಯಾಪಾರದಲ್ಲೂ ಆಗಿರಲಿಲ್ಲ.