ಹೆಲ್ಮೆಟ್ ಗಾಜಿಗೆ ಬೀಡಿ ತಂಬಾಕು

೨೦೦೮ರಲ್ಲಿ ಒಂಬತ್ತನೇ ತರಗತಿಗೇ ಶಾಲೆ ಬಿಟ್ಟು ಕೊಟ್ಟೂರಿನಲ್ಲಿ ವೆಲ್ಡಿಂಗ್ ಕೆಲಸಕ್ಕೆ ಸೇರಿದೆ. ಪಕ್ಕದ ಮನೆಯಲ್ಲಿ ಒಬ್ಬ ಲಾರಿ ಡ್ರೈವರ್ ಇದ್ದ. ಮಾಮ ಎನ್ನುತ್ತಿದ್ದೆ. ಮಳೆಗಾಲದಲ್ಲಿ ಯಾರ ಬೈಕ್ ಕಂಡರೂ ನಿಲ್ಲಿಸಿ, ಬೀಡಿ ಬಿಚ್ಚಿ, ತಂಬಾಕನ್ನು ನೆನೆಸಿ ಹೆಲ್ಮೆಟ್ಟಿನ ಗಾಜಿಗೆ ಉಜ್ಜುತ್ತಿದ್ದ. ಉಜ್ಜಿದರೆ ಹನಿ ನಿಲ್ಲದೆ ಜಾರಿ ಹೋಗುತ್ತದೆ. ಆಮೇಲೆ ಹೆಬ್ಬೆರಳನ್ನು ಲುಂಗಿಗೆ ಒರೆಸಿಕೊಂಡು, “ಗಾಜಿಗೂ ಒಂದು ಚಟ ಇರಬೇಕಪ್ಪ,” ಎನ್ನುತ್ತಿದ್ದ. ತಾನು ಮಾತ್ರ ಬೀಡಿ ಸೇದುತ್ತಿರಲಿಲ್ಲ.

ಮದುವೆಯ ವಯಸ್ಸಿಗೆ ಬಂದಾಗ, ಓದಿಲ್ಲವೆಂದು ಎರಡು ಮನೆಯವರು ನನಗೆ ಹೆಣ್ಣು ಕೊಡಲಿಲ್ಲ. ಮೂರನೆಯ ಹುಡುಗಿಯನ್ನು ನೋಡಲು ಇಟ್ಟಿಗಿ ಊರಿಗೆ ಹೊರಟಾಗ ಮಾಮ ಹಿರಿಯನಾಗಿ ನನ್ನ ಬೈಕಿನ ಹಿಂದೆ ಕುಳಿತ. ದಾರಿಯಲ್ಲಿ ಮಳೆ ಹಿಡಿಯಿತು. ಅವನು ಇಳಿದು ಒಂದು ಕಟ್ಟು ಬೀಡಿಯನ್ನೇ ಗಾಜಿಗೆ ತಿಕ್ಕಿದ. ಒಳಗೆ ಉಸಿರಿನ ಮಂಜು ಕಟ್ಟಬಾರದೆಂದು ಗಾಜನ್ನು ಎರಡು ಬೆರಳು ಮೇಲೆತ್ತಿಸಿದ. ರಸ್ತೆ ಚೆನ್ನಾಗಿ ಕಂಡಿತು. ಆದರೆ ಆ ಸಂದಿಯಿಂದ ತಂಬಾಕಿನ ನೀರು ಕಣ್ಣಿಗೂ ಸಿಡಿಯಿತು.

ನನ್ನ ಕೆಂಪು ಕಣ್ಣು ನೋಡಿ, ವಾಸನೆ ಹಿಡಿದು, ಹುಡುಗಿಯ ತಂದೆ ಚಹಾದ ತಟ್ಟೆಯನ್ನು ಒಳಬಾಗಿಲಲ್ಲೇ ತಡೆದರು.

“ಓದಿಲ್ಲಂದ್ರ ಇರ್ಲಿ ಅಂದ್ವಿ. ಬೀಡಿ ಬ್ಯಾರೆ ಸೇದ್ತಾನೇನ್ರಿ ನಿಮ್ ಹುಡುಗ?”

“ಹುಡುಗಗ ಯಾವ ಚಟಾನೂ ಇಲ್ರಿ, ಹೆಲ್ಮೆಟ್ಟಿಗೈತಿ,” ಎಂದ ಮಾಮ.

ಅವರು ಹೆಲ್ಮೆಟ್ ಮೂಸಿದರು, ನನ್ನ ಬಾಯಿ ಮೂಸಿದರು, ಅನುಮಾನ ತೀರದೆ ಮತ್ತೆ ಹೆಲ್ಮೆಟ್ ಮೂಸಿದರು. ಒಳಗೆ ಹುಡುಗಿ ನಕ್ಕಿದ್ದು ಕೇಳಿಸಿತು.

“ಚಾ ತಗೊಂಡ್ ಬಾರವ್ವ,” ಎಂದರು.

ಈಗ ನನಗಿರುವುದು ಅಂದು ಒಳಗೆ ನಕ್ಕ ಹೆಂಡತಿ ಒಬ್ಬಳು, ಮಕ್ಕಳು ಇಬ್ಬರು, ಸ್ವಂತ ದುಡಿಮೆಯ ವೆಲ್ಡಿಂಗ್ ಅಂಗಡಿ ಒಂದು.